ಒಂದು ಪುಟ ಓದು, ನಾನು ಕೇಳ್ತೀನಿ

"ಮೇಷ್ಟ್ರೇ, ನಮ್ಮ ಮೊಮ್ಮಗ ಐದನೇ ಕ್ಲಾಸು. ಮನೆ ಲೆಕ್ಕ ನಿಮಿಷದಲ್ಲಿ ಹೇಳ್ತಾನೆ, ಊರಿನ ಸುದ್ದಿಯೆಲ್ಲ ಅವನ ಬಾಯಲ್ಲೇ ಇದೆ. ಪುಸ್ತಕ ಕೊಟ್ಟು ಗಟ್ಟಿಯಾಗಿ ಓದೋ ಅಂದ್ರೆ ಮಾತ್ರ ದನಿ ಏಳಲ್ಲ. ದಡ್ಡ ಆಗಿಬಿಟ್ನಾ ಅಂತ ಭಯ ಆಗುತ್ತೆ."

ಪಕ್ಕದ ಮನೆ ಅತ್ತಿಗೆ ಬೇಲಿಯಾಚೆ ನಿಂತು ಕೇಳಿದ ಮಾತಿದು. ಮಳೆಗಾಲ ಹಿಡಿದು ಶಾಲೆ ಶುರುವಾಯಿತೆಂದರೆ ಬೇಲಿ ಮೇಲಿನ ನಮ್ಮ ಮಾತು ಅಡಿಕೆ ಧಾರಣೆ, ಕೊಳೆರೋಗ, ಔಷಧಿ ಹೊಡೆಯುವವರ ಕೂಲಿ ಎಲ್ಲ ಸುತ್ತಿ ಕೊನೆಗೆ ಮಕ್ಕಳ ಓದಿಗೆ ಬಂದು ನಿಲ್ಲುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನ ಪಕ್ಕದಲ್ಲಿ ಮನೆ ಇದ್ದರೆ ಹಾಗೆಯೇ.

"ಮೊದಲು ಆ ದಡ್ಡ ಅನ್ನೋ ಮಾತನ್ನ ಬಿಟ್ಟುಬಿಡಿ ಅತ್ತಿಗೆ. ಅವನ ಎದುರಿಗೆ ಅದನ್ನ ಎಷ್ಟು ಸಲ ಅಂದಿದೀರೋ ಅಷ್ಟೇ ಅವನ ದನಿ ಒಳಗೆ ಹೋಗಿದೆ" ಅಂದೆ. ಓದಲು ತಡವರಿಸುವ ಮಗುವಿನ ತಲೆ ಸರಿಯಾಗಿಯೇ ಇರುತ್ತದೆ. ಬಹಳ ಸಲ ಅದಕ್ಕೆ ಕೊರತೆಯಾಗಿರುವುದು ಅಭ್ಯಾಸ, ಇಲ್ಲವೇ ಧೈರ್ಯ. ಅಭ್ಯಾಸವನ್ನೂ ಧೈರ್ಯವನ್ನೂ ನಾವು ಕೊಡಬಹುದು. ನನ್ನ ಅಷ್ಟೂ ವರ್ಷದ ಮೇಷ್ಟ್ರಗಿರಿ ನನಗೆ ಕಲಿಸಿದ್ದು ಇದನ್ನೇ.

ಅತ್ತಿಗೆ ಒಪ್ಪಲಿಲ್ಲ. "ಕನ್ನಡದಲ್ಲಿ ಏನು ಕಷ್ಟ? ಬರೆದಂಗೆ ಓದೋದು, ಓದಿದಂಗೆ ಬರೆಯೋದು. ಇಂಗ್ಲಿಷ್ ಆದ್ರೆ ಬೇರೆ ಮಾತು."

ಮಾತು ನಿಜವೇ. ಆದರೆ ಮಗುವಿನ ಕಣ್ಣಿನಿಂದ ಒಮ್ಮೆ ನೋಡಬೇಕು. ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. ಅಷ್ಟಕ್ಕೇ ಮುಗಿಯುವುದಿಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತ ಹಚ್ಚಿದರೆ 510 ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರ. ಕಕಾರ, ಗಕಾರದ ಒತ್ತು ತನ್ನ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ, ಅವನ್ನು ಬೇರೆಯಾಗಿಯೇ ಗುರುತಿಟ್ಟುಕೊಳ್ಳಬೇಕು. ಇನ್ನು ಅರ್ಕಾವೊತ್ತು. 'ಸೂರ್ಯ' ಅಂತ ಬರೆದಾಗ ಕಣ್ಣಿಗೆ ಕೊನೆಯಲ್ಲಿ ಕಾಣುವ ಗುರುತನ್ನು ನಾಲಿಗೆ ಯಕಾರಕ್ಕಿಂತ ಮೊದಲು ನುಡಿಯಬೇಕು. ನಾವು ನೂರಾರು ಸಲ ನೋಡಿ ಪಳಗಿದವರು, ನಮಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಎಂಟು ವರ್ಷದ ಮಗು ಪ್ರತಿ ಸಲವೂ ಅಲ್ಲಿ ನಿಂತು ಬಿಡಿಸಿಕೊಂಡು ಮುಂದೆ ಹೋಗಬೇಕು.

ಕನ್ನಡ ಮಕ್ಕಳು ಓದು ಕಲಿಯುವ ಬಗೆಯನ್ನು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂಬುದು ಅವರು ಕಂಡುಕೊಂಡದ್ದು. ನಾವೋ, ಎರಡನೇ ಕ್ಲಾಸಿಗೇ 'ಅಕ್ಷರ ಬಂತು' ಎಂದು ಕೈತೊಳೆದುಕೊಳ್ಳುತ್ತೇವೆ. ಮುಂದಿನ ಕ್ಲಾಸುಗಳಲ್ಲಿ ಪರಿಸರ, ಗಣಿತ ಎಲ್ಲಕ್ಕೂ ಪುಸ್ತಕ ಬರುತ್ತದೆ. ಓದು ಕಲಿಯುವುದು ಇನ್ನೂ ಮುಗಿಯದಿರುವಾಗಲೇ ಓದಿನಿಂದ ಉಳಿದದ್ದನ್ನೆಲ್ಲ ಕಲಿಯಬೇಕು ಅನ್ನುತ್ತೇವೆ. ಅಲ್ಲಿ ಹಿಂದೆ ಬಿದ್ದ ಮಗು ಪ್ರತಿ ವರ್ಷ ಇನ್ನಷ್ಟು ಹಿಂದೆ ಬೀಳುತ್ತದೆ.

"ಅದಿರಲಿ, ಈಗ ಅಆಇಈ ಇಂದ ಶುರುನೇ ಮಾಡಲ್ವಂತಲ್ಲ? ಅದೇನೋ ರಗಸದಅ ಅಂತ ಹೇಳ್ತಿದ್ದ. ತಲೆಬುಡ ಇಲ್ಲದಂಗೆ ಕಲಿಸಿದ್ರೆ ಹೆಂಗೆ ಬರುತ್ತೆ?" ಅತ್ತಿಗೆಯ ದೂರು.

ಬಹಳ ಮನೆಗಳಲ್ಲಿ ಈ ದೂರು ಇದೆ, ಅದಕ್ಕೇ ಬಿಡಿಸಿ ಹೇಳಬೇಕು. ವರ್ಣಮಾಲೆ ಪೂರ್ತಿ ಬಾಯಿಪಾಠ ಆಗುವವರೆಗೆ ಕಾದರೆ ಮಗುವಿಗೆ ಓದಲು ಒಂದು ಪದವೂ ಸಿಗುವುದಿಲ್ಲ. ರ, ಗ, ಸ, ದ, ಅ ಈ ಐದೇ ಅಕ್ಷರ ಗೊತ್ತಾದರೆ ಅರಸ, ಅಗಸ, ಸರ, ದರ, ಗರಗಸ ಎಲ್ಲ ಓದಬಹುದು. ಬರೆಯುವುದಕ್ಕೂ ದುಂಡಗಿನ ಸುಲಭ ಆಕಾರಗಳು. ಮೊದಲ ವಾರಗಳಲ್ಲೇ 'ನಾನು ಓದಿದೆ' ಎಂಬ ಸಂತೋಷ ಮಗುವಿಗೆ ಸಿಗುತ್ತದೆ. ಓದಿನ ಧೈರ್ಯ ಹುಟ್ಟುವುದು ಅಲ್ಲೇ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ, ಹೀಗೆಯೇ ಕಲಿಸುವ ನಲಿ-ಕಲಿ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕಾರ್ಡು, ಕಲಿಕಾ ಏಣಿ, ಗುಂಪು, ಹಾಡು ಅದರ ಸಲಕರಣೆ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬುದು ಅದರ ಆಶಯ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು, ತಾವೇ ಕೂತು ಕನ್ನಡಕ್ಕೆ ಕಾರ್ಡು ತಯಾರಿಸಿದವರು ನಮ್ಮಂಥ ಮೇಷ್ಟ್ರುಗಳೇ. ಆ ಆಶಯ ಒಳ್ಳೆಯದು. ಆದರೆ ಒಬ್ಬರೇ ಶಿಕ್ಷಕರು ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ನಡುವೆ ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕಾದಲ್ಲಿ ಒಂದೊಂದು ಮಗುವಿನ ಓದನ್ನೂ ದಿನಾ ಕೇಳಲು ಹೊತ್ತು ಸಾಲುವುದಿಲ್ಲ. ಆ ಹೊತ್ತನ್ನು ಮನೆ ತುಂಬಿಕೊಡಬೇಕು.

"ಹಂಗಾದ್ರೆ ನಮ್ಮೋನೊಬ್ಬನೇ ಹಿಂಗಲ್ಲ ಅನ್ನಿ."

ಒಬ್ಬನೇ ಅಲ್ಲ. ಪ್ರಥಮ್ ಸಂಸ್ಥೆಯವರು 2005ರಿಂದ 'ಅಸರ್' ಎಂಬ ಸಮೀಕ್ಷೆ ಮಾಡುತ್ತ ಬಂದಿದ್ದಾರೆ. ಹಳ್ಳಿಗಳ ಮನೆಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಬಿಡಿ ಅಕ್ಷರ, ಸರಳ ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ ಇರುತ್ತವೆ. ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಆ ಎರಡನೇ ತರಗತಿಯ ಕಥೆ ಓದಬಲ್ಲವರು 2018ರಲ್ಲಿ ನೂರಕ್ಕೆ 50.5 ಮಂದಿ. ಕೊರೊನಾದಲ್ಲಿ ಶಾಲೆ ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಅದು 42.8ಕ್ಕೆ ಇಳಿಯಿತು. 2024ರಲ್ಲಿ 48.8. ಅಂದರೆ ಐದನೇ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳಿಗೆ ಎರಡನೇ ಕ್ಲಾಸಿನ ಕಥೆ ಇನ್ನೂ ಎಟುಕುತ್ತಿಲ್ಲ. ಕೇಳಿ ಅತ್ತಿಗೆ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ನಿಂತರು. ಅಷ್ಟೊಂದು ಮಕ್ಕಳು ದಡ್ಡರಾಗಿರಲು ಸಾಧ್ಯವಿಲ್ಲ ಎಂಬುದು ಯಾರಿಗಾದರೂ ಹೊಳೆಯುವ ಮಾತು. ಆ ಅಂಕಿಯಲ್ಲೇ ಒಂದು ಸಮಾಧಾನವೂ ಇದೆ: ಎರಡೇ ವರ್ಷದಲ್ಲಿ ನೂರಕ್ಕೆ ಆರರಷ್ಟು ಮಕ್ಕಳು ಮೇಲೆ ಬಂದಿದ್ದಾರೆ. ದುಡಿದರೆ ಫಲ ಇದೆ.

ದುಡಿಯುವ ದಾರಿಯೂ ಗುಟ್ಟಿನದಲ್ಲ. ಮಗು ಯಾವ ತರಗತಿಯಲ್ಲಿದೆ ಎಂಬುದನ್ನು ಬದಿಗಿಟ್ಟು, ಎಲ್ಲಿಯವರೆಗೆ ಓದಬಲ್ಲದು ಎಂದು ನೋಡಿ, ಅಲ್ಲಿಂದ ಶುರುಮಾಡುವುದು. ಅಕ್ಷರದಲ್ಲಿರುವವರಿಗೆ ಅಕ್ಷರ, ಪದದಲ್ಲಿರುವವರಿಗೆ ಪದ, ಸಾಲಿನಲ್ಲಿರುವವರಿಗೆ ಕಥೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದೇ ಪ್ರಥಮ್ ಜೊತೆ ಸೇರಿ ಈ ಬಗೆಯ ಕಲಿಸುವಿಕೆಯನ್ನು ಪರೀಕ್ಷಿಸಿ, ಇದರಿಂದ ಮಕ್ಕಳಿಗೆ ಲಾಭವಿದೆ ಎಂದು ತೋರಿಸಿದರು. ನಮ್ಮಲ್ಲಿ ನಾಲ್ಕು-ಐದನೇ ತರಗತಿಗಳಿಗಾಗಿ ನಡೆದ 'ಓದು ಕರ್ನಾಟಕ' ಕಾರ್ಯಕ್ರಮದ ಹಿಂದೆಯೂ ಇದೇ ಯೋಚನೆ.

"ಅದಕ್ಕೇ ಹೇಳೋದು ಅತ್ತಿಗೆ. ಐದನೇ ಕ್ಲಾಸಿನ ಪುಸ್ತಕ ಕೈಗಿಟ್ಟು ಓದು ಓದು ಅಂತ ಕೂರಿಸಬೇಡಿ. ಎರಡನೇ ಕ್ಲಾಸಿನ ಕಥೆ ಕೊಡಿ. ಸಲೀಸಾಗಿ ಓದಿ ಮುಗಿಸಲಿ. ಮುಗಿಸಿದ ರುಚಿ ಹತ್ತಲಿ."

"ನಮ್ಮ ಕಾಲದಲ್ಲಿ ಬೆತ್ತ ಇತ್ತು, ಹಂಗಾಗಿ ಓದ್ತಿದ್ವಿ."

ಬೆತ್ತಕ್ಕೆ ಹೆದರಿ ಎಷ್ಟು ಮಂದಿ ಶಾಲೆಯನ್ನೇ ಬಿಟ್ಟರು ಎಂಬ ಲೆಕ್ಕವನ್ನು ನಮ್ಮ ಕಾಲದವರು ಇಡಲಿಲ್ಲ. ಈಗ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೊಡೆತ ಶಾಲೆಗಳಲ್ಲಿ ಕಡಿಮೆಯಾಗಿದೆ. ನಗೆ ಕಡಿಮೆಯಾಗಿಲ್ಲ. ಮಗು ಎದ್ದು ನಿಂತು ಓದುವಾಗ ಒಂದು ಒತ್ತಕ್ಷರ ತಪ್ಪಿದರೆ ತರಗತಿಯೆಲ್ಲ ಕಿಸಕ್ಕನೆ ನಗುತ್ತದೆ. ಮನೆಯಲ್ಲಿ ಅಣ್ಣನೋ ಅಕ್ಕನೋ ಪದ ಬಾಯಿಗೆ ಬರುವ ಮೊದಲೇ ತಾವೇ ಹೇಳಿಬಿಡುತ್ತಾರೆ. ಎರಡು ಸಲ ಹೀಗಾದರೆ ಮೂರನೇ ಸಲಕ್ಕೆ ಮಗು ಬಾಯಿ ತೆರೆಯುವುದಿಲ್ಲ. ಓದದೆ ಇದ್ದರೆ ತಪ್ಪೇ ಆಗುವುದಿಲ್ಲವಲ್ಲ! ಅಲ್ಲಿಗೆ ಅಭ್ಯಾಸ ನಿಂತಿತು. ಅಭ್ಯಾಸ ನಿಂತ ಮೇಲೆ ತಪ್ಪು ಹೆಚ್ಚಿತು. ತಪ್ಪು ಹೆಚ್ಚಿದ ಹಾಗೆ ಹೆದರಿಕೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ತುಂಡರಿಸಬೇಕು. ತುಂಡರಿಸುವುದಕ್ಕೆ ಸುಲಭವಾದ ಜಾಗ ಕೇಳುವವರ ಕಿವಿ.

ಹೇಗೆ ಕೇಳಬೇಕು ಎಂದು ಅತ್ತಿಗೆಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ಮೊದಲು ದೊಡ್ಡವರು ಒಂದು ಪುಟ ಓದಿ ತೋರಿಸಬೇಕು, ಬೆರಳನ್ನು ಸಾಲಿನ ಕೆಳಗೆ ಆಡಿಸುತ್ತ. ಆಮೇಲೆ ಅದೇ ಪುಟವನ್ನು ಇಬ್ಬರೂ ಸೇರಿ ಓದಬೇಕು; ಮಗುವಿನ ದನಿ ನಮ್ಮ ದನಿಯ ಆಸರೆಯಲ್ಲಿ ಹೊರಗೆ ಬರುತ್ತದೆ. ಮೂರನೆಯ ಸಲ ಮಗು ಒಂದೇ ಓದಲಿ, ನಾವು ಕೇಳೋಣ. ಎಲ್ಲಾದರೂ ನಿಂತರೆ ತಕ್ಷಣ ಹೇಳಿಕೊಡಬಾರದು. ಮನಸ್ಸಿನಲ್ಲೇ ಐದು ಎಣಿಸಬೇಕು. ಬಹಳ ಸಲ ಅಷ್ಟರಲ್ಲಿ ಮಗುವೇ ದಾಟುತ್ತದೆ. ದಾಟದಿದ್ದರೆ ಪದ ಹೇಳಿ, ಆ ಸಾಲನ್ನು ಮತ್ತೊಮ್ಮೆ ಮೊದಲಿಂದ ಓದಿಸಬೇಕು. ಅರ್ಥ ಕೆಡದ ಸಣ್ಣ ತಪ್ಪನ್ನು ಆ ಹೊತ್ತಿಗೆ ಬಿಟ್ಟುಬಿಡಬೇಕು. ಮುಗಿದ ಮೇಲೆ 'ಜಾಣ' ಎಂದು ಸುಮ್ಮನೆ ಹೊಗಳುವುದಕ್ಕಿಂತ 'ನಿನ್ನೆ ಕಷ್ಟಪಟ್ಟ ಒತ್ತಕ್ಷರ ಇವತ್ತು ಸರಾಗವಾಗಿ ಬಂತು' ಎಂದು ಗುರುತಿಸಿ ಹೇಳಬೇಕು. ನಾವು ನಿಜವಾಗಿಯೂ ಕೇಳಿದ್ದೇವೆ ಎಂದು ಮಗುವಿಗೆ ಗೊತ್ತಾಗುವುದು ಆಗಲೇ.

"ಅದೇ ಪುಟ ಮತ್ತೆ ಮತ್ತೆ ಓದಿಸಿದ್ರೆ ಬೇಜಾರಾಗಲ್ವಾ?"

"ಮೆಟ್ಟುಗತ್ತಿ ಮುಂದೆ ಮೊದಲ ದಿನ ಕೂತಾಗ ನೀವು ಎಷ್ಟು ಅಡಿಕೆ ಸುಲಿದ್ರಿ ಅತ್ತಿಗೆ? ಈಗ ಮಾತಾಡ್ತಾ ಮಾತಾಡ್ತಾ ಡಬ್ಬ ತುಂಬಿಸ್ತೀರಿ, ಕೈ ನೋಡೋದೂ ಇಲ್ಲ." ಓದೂ ಹಾಗೆಯೇ. ಅಕ್ಷರ ಬಿಡಿಸುವ ಕೆಲಸ ತಾನಾಗಿಯೇ ನಡೆಯುವಷ್ಟು ಪಳಗಿದ ಮೇಲೆಯೇ ಮನಸ್ಸು ಅರ್ಥದ ಕಡೆಗೆ ತಿರುಗಲು ಬಿಡುವಾಗುವುದು. ಒಂದೇ ಪುಟವನ್ನು ಮೂರು ಸಲ ಓದಿದ ಮಗು ಮೂರನೆಯ ಸಲಕ್ಕೆ ತನ್ನ ವೇಗ ತಾನೇ ಗಮನಿಸಿ ಅರಳುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ, ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ಮಾಡಿಕೊಂಡು ಓದಬೇಕು ಎಂಬ ಗುರಿ ಇಟ್ಟಿತು. ಈ ಗುರಿಯಲ್ಲಿ ಅರವತ್ತು ಎಂಬ ಅಂಕಿಗಿಂತ 'ಅರ್ಥ ಮಾಡಿಕೊಂಡು' ಎಂಬುದೇ ಮುಖ್ಯ. ಗಡಿಯಾರ ಹಿಡಿದು ಮಗುವನ್ನು ಓಡಿಸಬಾರದು. ಉದ್ದುದ್ದ ಪದಗಳ ನಮ್ಮ ಭಾಷೆಯಲ್ಲಿ ಒಂದೇ ಪದ ಒಂದು ವಾಕ್ಯದ ಕೆಲಸ ಮಾಡುವುದುಂಟು.

ಅರ್ಥದ ಮಾತು ಬಂದಾಗ ಅತ್ತಿಗೆಯ ನಿಜವಾದ ಅಳುಕು ಹೊರಗೆ ಬಂತು. "ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೇ ಸರಿಯಾಗಿ ಬರಲ್ಲ. ನಾನೇನು ಕೇಳಲಿ?"

ಶಿವಮೊಗ್ಗ ಸೀಮೆಯಲ್ಲಿ ಕೂತು ಈ ಮಾತಿಗೆ ಉತ್ತರ ಹುಡುಕಬೇಕಾಗಿಲ್ಲ. ತುಂಗೆಯ ದಡದ ಮತ್ತೂರು, ಹೊಸಹಳ್ಳಿಗಳು ಗಮಕಕ್ಕೆ ಹೆಸರಾದವು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕ ಕಲೆಗಾಗಿ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಕಾವ್ಯ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಕೂತು ಕೇಳುವವರಲ್ಲಿ ಅಕ್ಷರ ಬಾರದವರೂ ಇರುತ್ತಿದ್ದರು. ಕುಮಾರವ್ಯಾಸನ ಭಾರತವನ್ನು, ಲಕ್ಷ್ಮೀಶನ ಜೈಮಿನಿಯನ್ನು ಕಿವಿಯಿಂದಲೇ ಅರಿತ ಅಜ್ಜಿಯರು ನಮ್ಮೂರುಗಳಲ್ಲಿ ಇದ್ದರು. ಓದುವವನಿಗೆ ಓದುವ ಹುರುಪು ಬರುತ್ತಿದ್ದುದು ಅವರು ಕೇಳುತ್ತಿದ್ದರು ಎಂಬುದರಿಂದಲೇ. ವಾಚನ ಮೊಮ್ಮಗನದಾಗಲಿ, ವ್ಯಾಖ್ಯಾನವನ್ನೂ ಅವನಿಂದಲೇ ಕೇಳಿ. "ಆಮೇಲೆ ಏನಾಯ್ತು? ಆ ನರಿ ಯಾಕೆ ಹಂಗೆ ಮಾಡ್ತು? ನೀನಾಗಿದ್ರೆ ಏನು ಮಾಡ್ತಿದ್ದೆ?" ಇಷ್ಟು ಕೇಳಲು ನಾಲ್ಕನೇ ಕ್ಲಾಸು ಬೇಕಾದಷ್ಟಾಯಿತು. ಅಜ್ಜಿಗೆ ಗೊತ್ತಿಲ್ಲದ್ದನ್ನು ತಾನು ಓದಿ ಹೇಳಿದೆ ಎಂಬ ಹೆಮ್ಮೆ ಮಗುವಿಗೆ ಬೇರೆ ಎಲ್ಲಿಯೂ ಸಿಗುವುದಿಲ್ಲ.

ಇನ್ನೊಂದು ಮಾತು. ಪುಸ್ತಕದ ಕನ್ನಡ ಎಷ್ಟೋ ಮಕ್ಕಳಿಗೆ ಮನೆಯ ಮಾತಲ್ಲ. ತಾಂಡಾದ ಮಗುವಿನ ಮನೆಯಲ್ಲಿ ಲಂಬಾಣಿ, ಮಂಗಳೂರಿನ ಕಡೆ ತುಳು, ಕೊಂಕಣಿ, ಬ್ಯಾರಿ, ಕಲಬುರಗಿ-ಬೀದರಿನ ಎಷ್ಟೋ ಮನೆಗಳಲ್ಲಿ ಉರ್ದು, ಕೋಲಾರದಲ್ಲಿ ತೆಲುಗು. ಕನ್ನಡವೇ ಮನೆಮಾತಾದರೂ ಹವ್ಯಕರ ಮಾತು, ಧಾರವಾಡದ ಮಾತು, ಕುಂದಾಪುರದ ಮಾತು ಪುಸ್ತಕದಲ್ಲಿಲ್ಲ. ಕೇಳಿಯೇ ಇರದ ಪದವನ್ನು ಅಕ್ಷರ ಜೋಡಿಸಿ ಓದಿದರೂ ಮಗುವಿಗೆ ಅದರಿಂದ ಏನೂ ಹೊಳೆಯುವುದಿಲ್ಲ. ಓದಿಸುವ ಮೊದಲು ಆ ಕಥೆಯನ್ನು ಮನೆಯ ಮಾತಿನಲ್ಲೇ ಹೇಳಿಬಿಟ್ಟರೆ, ಚಿತ್ರ ತೋರಿಸಿ ಮಾತಾಡಿಸಿದರೆ, ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ಮನೆಮಾತನ್ನು ಹೀಗಳೆದರೆ ಮಗುವಿನ ಬಾಯಿಯನ್ನೇ ಕಟ್ಟಿದಂತೆ.

"ಕಥೆ ಪುಸ್ತಕಕ್ಕೆ ಎಲ್ಲಿಗೆ ಹೋಗೋದು ಮೇಷ್ಟ್ರೇ? ಪೇಟೆಗೇ ಹೋಗ್ಬೇಕು."

ಪೇಟೆಯವರೆಗೆ ಹೋಗಬೇಕಾಗಿಲ್ಲ, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋದರೆ ಸಾಕು. ಅದಕ್ಕೀಗ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ ಮಾಡಿದರು. ಬಹಳ ಊರುಗಳಲ್ಲಿ ಜನರಿಗೆ ಇದು ಗೊತ್ತೇ ಇಲ್ಲ. ಅಲ್ಲಿ ಏನು ಕೇಳಬೇಕು? ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ' ಇದೆಯೇ ಎಂದು ಕೇಳಿ. 12 ಸಂಪುಟ, ವರ್ಷವಿಡೀ ದಿನಕ್ಕೊಂದರಂತೆ ಓದಿಸಬಹುದು. ಎಲ್.ಎಸ್. ಶೇಷಗಿರಿ ರಾವ್ ಸಂಪಾದಕರಾಗಿದ್ದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳನ್ನು ಒಮ್ಮೆ ಕೂತರೆ ಮುಗಿಸಬಹುದು. ಸ್ವಲ್ಪ ಪಳಗಿದ ಮೇಲೆ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕೊಡಿ; ಶರಾವತಿ ಕಣಿವೆಯ ಕಥೆ ನಮ್ಮ ಜಿಲ್ಲೆಯ ಮಗುವಿಗೆ ತನ್ನದೇ ಅನಿಸುತ್ತದೆ. ಫೋನು ಕೈಯಲ್ಲಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಚಿತ್ರಸಹಿತ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿಟ್ಟಿದ್ದಾರೆ. ಪುಸ್ತಕ ಸಿಗದ ದಿನ ಮದುವೆ ಕರೆಯೋಲೆ, ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಬೆಳಗಿನ ಪೇಪರಿನ ತಲೆಬರಹ, ಯಾವುದಾದರೂ ಆದೀತು. ಟಿವಿಯಲ್ಲಿ ಹಾಡು ಬರುವಾಗ ಅದರ ಸಾಲುಗಳು ಅದೇ ಭಾಷೆಯಲ್ಲಿ ತೆರೆಯ ಕೆಳಗೆ ಬಂದರೆ ನೋಡುವವರು ತಮಗೇ ಗೊತ್ತಿಲ್ಲದೆ ಓದುತ್ತಾರೆ ಎಂಬ ಯೋಚನೆಯನ್ನು ಬೃಜ್ ಕೊಠಾರಿ ಎಂಬವರು 1996ರಲ್ಲಿ ಮುಂದಿಟ್ಟರು. ದೂರದರ್ಶನದ ಚಿತ್ರಹಾರ್‌ನಲ್ಲಿ ಅದನ್ನು ಅಳವಡಿಸಲಾಯಿತು. ಮಗುವಿಗೆ ಬಾಯಿಗೆ ಬರುವ ಹಾಡನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೂ ಆ ಉಪಾಯ ಫಲಿಸುತ್ತದೆ.

"ಕನ್ನಡ ಓದಿ ಏನಾಗ್ಬೇಕು, ಇಂಗ್ಲಿಷ್ ಬಂದ್ರೆ ಸಾಕು ಅಂತಾಳೆ ಸೊಸೆ" ಎಂದರು ಅತ್ತಿಗೆ, ಸ್ವಲ್ಪ ದನಿ ತಗ್ಗಿಸಿ. ಸೊಸೆಯ ಆಸೆ ತಪ್ಪಲ್ಲ. ಆದರೆ ಅಕ್ಷರಕ್ಕೂ ಸದ್ದಿಗೂ ಇರುವ ನಂಟು, ಓದಿದ್ದನ್ನು ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳುವ ರೂಢಿ, 'ನನಗೆ ಓದಲು ಬರುತ್ತದೆ' ಎಂಬ ನಂಬಿಕೆ, ಇವು ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೂ ಒದಗುತ್ತವೆ. ತಿಳಿದ ಮಾತಿನಲ್ಲಿ ಮೊದಲು ಓದು ಕಲಿತ ಮಗು ಇಂಗ್ಲಿಷಿನ ಎದುರು ಹೆಚ್ಚು ಧೈರ್ಯವಾಗಿಯೇ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಮಗು ಮುಂದೆ ಹೋಗದಿದ್ದರೆ ಸುಮ್ಮನೆ ಕೂರಬಾರದು. ಮೊದಲು ಕಣ್ಣು, ಕಿವಿ ತೋರಿಸಬೇಕು. ಕರಿಹಲಗೆ ಕಾಣದೆ ಹಿಂದುಳಿದ ಮಕ್ಕಳಿಗೆ ಕನ್ನಡಕ ಬಂದ ಮೇಲೆ ಓದು ಬಂದದ್ದನ್ನು ನಾನೇ ನೋಡಿದ್ದೇನೆ. ಕೆಲವು ಮಕ್ಕಳಿಗೆ ಡಿಸ್ಲೆಕ್ಸಿಯಾ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಕಲಿಕಾ ತೊಂದರೆಗಳನ್ನೂ ಪಟ್ಟಿಗೆ ಸೇರಿಸಿದೆ, ಅವರಿಗೆ ನೆರವು ಕೇಳುವ ಹಕ್ಕಿದೆ. ಬೇರೆ ಬಗೆಯಲ್ಲಿ, ಇನ್ನಷ್ಟು ಸಾವಧಾನವಾಗಿ ಕಲಿಸಿದರೆ ಅವರೂ ಓದುತ್ತಾರೆ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಬೇಲಿಯ ಈಚೆಗೂ ಆಚೆಗೂ ಇರುವ ಎಲ್ಲರಲ್ಲೂ ನನ್ನ ಕೋರಿಕೆ ಇದು. ಮನೆಯಲ್ಲಿ ಓದುವ ವಯಸ್ಸಿನ ಮಗು ಇದ್ದರೆ ಇವತ್ತು ಸಂಜೆಯೇ ಟಿವಿ ಆರಿಸಿ, ಫೋನು ದೂರ ಇಟ್ಟು, ಹದಿನೈದು ನಿಮಿಷ ಅದರ ಪಕ್ಕ ಕೂತುಕೊಳ್ಳಿ. ನಿಮ್ಮ ಮನೆಯಲ್ಲಿ ಮಗು ಇಲ್ಲದಿದ್ದರೆ ಪಕ್ಕದ ಮನೆಯದನ್ನು ಕರೆಯಿರಿ. ಶಾಲೆಯ ಶಿಕ್ಷಕ ಬಂಧುಗಳೇ, ಬೀಗ ಹಾಕಿಟ್ಟ ಪುಸ್ತಕದ ಬೀರು ತೆರೆಯಿರಿ. ಪುಸ್ತಕ ಹರಿದರೆ ಹರಿಯಲಿ, ಹರಿದ ಪುಸ್ತಕ ಓದಿಸಿಕೊಂಡ ಪುಸ್ತಕ. 'ಒಂದು ಪುಟ ಓದು, ನಾನು ಕೇಳ್ತೀನಿ' ಎನ್ನಿ. ತಪ್ಪಾದರೆ ನಗಬೇಡಿ, ನಿಂತರೆ ಕಾಯಿರಿ, ಮುಗಿಸಿದರೆ ಮೆಚ್ಚಿಕೊಳ್ಳಿ. ಇದನ್ನು ದಿನ ಬಿಡದೆ ಮಾಡಿ. ಓದುವ ಮಕ್ಕಳು ಬೇಕಾದರೆ ಮೊದಲು ಕೇಳುವ ದೊಡ್ಡವರು ಬೇಕು.